ಕೊನೆಯ ಸಲದ ಕೇಸು

ಡಾಕ್ಟರಿಕೆಗೆ ಸೀಟು ಸಿಗುವುದು ಕಷ್ಟವೋ, ಪಾಸಾಗಿ ಹೊರಬರುವುದು ಕಷ್ಟವೋ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಎರಡನ್ನೂ ಕಂಡವಳೆಂದು ಕೇಳುತ್ತಾರೋ, ಗಾಯದ ಮೇಲೆ ಬರೆ ಎಳೆಯಲು ಕೇಳುತ್ತಾರೋ, ದೇವರೇ ಬಲ್ಲ.

ಐವತ್ತರ ದಶಕದ ಮುಂಬಯಿಯಲ್ಲಿ ಸೀಟು ಸಿಗುತ್ತಿದ್ದದ್ದು ಇಂಟರ್ ಸೈನ್ಸಿನ ಅಂಕಗಳ ಮೇಲೆ. ಜೋಗೇಶ್ವರಿಯ ಚಾಳಿನ ಒಂದೇ ಕೋಣೆಯಲ್ಲಿ, ಗೋಡೆಗೆ ಮುಖ ಮಾಡಿ, ಕಿವಿಗೆ ಹತ್ತಿ ತುರುಕಿಕೊಂಡು ಓದಿದೆ. ಧಾರವಾಡದಿಂದ ಬಂದು ಗಿರಣಿಯ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಅಪ್ಪ, ಸೀಟು ಸಿಕ್ಕ ದಿನ ಚಾಳಿಗೆಲ್ಲ ಪೇಢೆ ಹಂಚಿದರು. ಅಂದಿನಿಂದಲೇ ಎಲ್ಲರಿಗೂ ನಾನು ಡಾಕ್ಟರ್‌ಬಾಯಿ. ಕಷ್ಟವೇನೋ ಹೌದು, ಆದರೆ ಅದು ಕಾಗದದ ಜೊತೆಗಿನ ಗುದ್ದಾಟ. ಕಾಗದ ಅಳುವುದಿಲ್ಲ.

ಕೊನೆಯ ಪರೀಕ್ಷೆ ಹಾಗಲ್ಲ. ವಾರ್ಡಿನ ಒಬ್ಬ ರೋಗಿಯ ಮುಂದೆ ನಮ್ಮನ್ನು ನಿಲ್ಲಿಸುತ್ತಿದ್ದರು. ಅರ್ಧ ತಾಸಿನಲ್ಲಿ ವಿಚಾರಿಸಿ, ಮೈ ಮುಟ್ಟಿ ನೋಡಿ, ರೋಗ ಯಾವುದೆಂದು ಹೇಳಬೇಕು. ಎರಡು ಸಲ ಅದರಲ್ಲೇ ನಪಾಸಾಗಿದ್ದೆ.

"ಇದ ಕಡೀ ಸಲ ನೋಡವಾ. ಇನ್ನ ನನ್ನ ಕೈಲೆ ಆಗೂದಿಲ್ಲ" ಎಂದಿದ್ದರು ಅಪ್ಪ.

ಮೂರನೆಯ ಸಲ ನನಗೆ ಸಿಕ್ಕವರು ಧಾರಾವಿಯಲ್ಲಿ ಚರ್ಮ ಹದ ಮಾಡುತ್ತಿದ್ದ ಒಬ್ಬ ವಯಸ್ಸಾದವರು. ದಮ್ಮು ಯಾವಾಗಿನಿಂದ ಎಂದು ಮರಾಠಿಯಲ್ಲಿ ಕೇಳಿದೆ. ಎದ್ದು ಕೂರಲು ಹೋಗಿ "ಯಪ್ಪಾ, ಶಿವನೇ" ಎಂದು ನರಳಿದರು. ನನ್ನ ಬಾಯಿ ಸುಮ್ಮನಿರಲಿಲ್ಲ. "ಯಾವೂರ್ರೀ ಕಾಕಾ?" ಎಂದುಬಿಟ್ಟೆ.

ಬಿಜಾಪುರದ ಕಡೆಯವರು. ವಾರ್ಡಿಗೆ ಬಂದಾಗಿನಿಂದ ಅವರ ಮಾತು ತಿಳಿಯುವವರು ಒಬ್ಬರೂ ಸಿಕ್ಕಿರಲಿಲ್ಲವಂತೆ. ಕೆರೆಯ ಕಟ್ಟೆ ಒಡೆದ ಹಾಗೆ ಮಾತಾಡಿದರು. ಆಸ್ಪತ್ರೆ ಸೇರಿದ್ದು ಊರಲ್ಲಿರುವ ಹೆಂಡತಿಗೆ ಗೊತ್ತಿಲ್ಲ, ಮಗಳು ಬಸುರಿ, ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಊರಲ್ಲಿರಬೇಕು. ನನ್ನ ಕೈ ಹಿಡಿದು ಅತ್ತರು. ಆ ಕೈ ಬಿಡಿಸಿಕೊಳ್ಳಲು ನನ್ನಿಂದಾಗಲಿಲ್ಲ. ಗಂಟೆ ಹೊಡೆದಾಗ ಸ್ಟೆತಾಸ್ಕೋಪು ಇನ್ನೂ ನನ್ನ ಕೊರಳಲ್ಲೇ ಇತ್ತು.

ಹೃದಯದಲ್ಲಿ ಏನು ಕೇಳಿಸಿತು ಎಂದು ಪರೀಕ್ಷಕರು ಕೇಳಿದರು. ಬಾಯಿಗೆ ಬಂದದ್ದು ಹೇಳಿದೆ. ಅವರು ತಲೆ ಎತ್ತಿ ನೋಡಲೂ ಇಲ್ಲ.

ಫಲಿತಾಂಶ ಬಂತು. ಮತ್ತೆ ನಪಾಸು. ಅಪ್ಪ ಬೈಯಲಿಲ್ಲ. "ಕಾಂದಿವಲಿ ಸಾಲ್ಯಾಗ ಟೀಚರ್ ಬೇಕಂತ" ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನನಗೆ ಮುಂದಿನ ದಿನಗಳೇ ಕಾಣಿಸಲಿಲ್ಲ.

ಕಾಲೇಜಿನಲ್ಲಿದ್ದ ನನ್ನ ಸಾಮಾನು ತರಲು ಹೋದವಳು, ಕಾಲು ಎಳೆದಂತಾಗಿ ವಾರ್ಡಿಗೂ ಹೋದೆ. ಕಾಕಾ ದೂರದಿಂದಲೇ ಗುರುತು ಹಿಡಿದರು.

"ಪಾಸ್ ಆದೇನ ಯವ್ವಾ?"

"ಆದೆ ಕಾಕಾ."

ಅವರ ಮುಖ ಅರಳಿತು. "ಹಂಗಾರ ಈಗರೆ ನೋಡಿ ಖರೇ ಹೇಳ. ನಾ ಊರಿಗೆ ಹೋಗ್ತೀನೋ ಇಲ್ಲೋ?"

ಆಗ ಮೊದಲ ಸಲ ಅವರ ಎದೆಗೆ ಸ್ಟೆತಾಸ್ಕೋಪು ಇಟ್ಟೆ. ಕೆಟ್ಟುಹೋದ ಕವಾಟದ ಸದ್ದು, ಶ್ವಾಸಕೋಶದ ಬುಡದಲ್ಲಿ ತುಂಬಿದ್ದ ನೀರು, ಎಲ್ಲ ಸ್ಪಷ್ಟವಾಗಿ ತಿಳಿಯಿತು. ಪರೀಕ್ಷಕರಿಗೆ ಹೇಳಬೇಕಾಗಿದ್ದ ಉತ್ತರ ಅಷ್ಟೂ ಅಲ್ಲೇ ಇತ್ತು. ಆ ಹೃದಯ ಬಿಜಾಪುರದವರೆಗೆ ಹೋಗುವಂಥದ್ದಲ್ಲ.

"ಹೋಗ್ತೀರಿ ಕಾಕಾ" ಎಂದೆ.

ಡಾಕ್ಟರಿಗೆ ಮುಗಿಯುವ ಹಾಗೆ ಅವರು ನನಗೆ ಕೈ ಮುಗಿದರು.