ಅರ್ಧ ಗಂಟೆಯೊಳಗೆ ತಿನ್ನಬೇಕು

ಬನವಾಸಿ ಕಡೆಯವನಾದ ನಾನು ಶಿರಸಿಯ ಜಿಮ್ಮೊಂದರಲ್ಲಿ ತರಬೇತಿ ಕೊಡುತ್ತೇನೆ. ಐವತ್ತು ದಾಟಿದ ಹೆಗಡೆಯವರು ದೂರದ ಹಳ್ಳಿಯಿಂದ ಸ್ಕೂಟರಿನಲ್ಲಿ ಬಂದು, ಖಾಲಿ ಹೊಟ್ಟೆಯಲ್ಲೇ ಭಾರ ಎತ್ತಿ, ಹಾಗೇ ವಾಪಸು ಹೋಗುತ್ತಿದ್ದರು. ಒಂದು ದಿನ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ವ್ಯಾಯಾಮ ಮುಗಿದು ಅರ್ಧ ತಾಸಿನೊಳಗ ಬಾಳೆಹಣ್ಣು, ಕುದಿಸಿದ ಶೇಂಗಾ, ಉಪ್ಪು ಹಾಕಿದ ಮಜ್ಜಿಗಿ ತಗೊಳ್ರಿ. ಇಲ್ಲಾಂದ್ರ ನಾಳಿಂದ ಬರಬ್ಯಾಡ್ರಿ" ಅಂದೆ.

"ಸ್ನಾನ, ಜಪ ಆಗದೆ ನಾ ಎಂತದೂ ತಿನ್ನೂದಿಲ್ಲ ಮಾರಾಯ. ಮನೆ ಮುಟ್ಟಲಿಕ್ಕೇ ಮುಕ್ಕಾಲು ತಾಸು ಬೇಕು."

"ಅದು ನಿಮಗ ಬಿಟ್ಟಿದ್ದು."

ಮರುದಿನ ಹೆಂಗಸರ ಬ್ಯಾಚು ಬರುವ ಹೊತ್ತು. ಚಹಾ ಕುಡಿದು ಒಳಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟೆ. ಟ್ರೆಡ್‌ಮಿಲ್ ಮೇಲೆ ಒದ್ದೆ ಪಂಚೆ ಒಣಗುತ್ತಿತ್ತು. ಜಿಮ್ಮಿನ ಬಚ್ಚಲಲ್ಲೇ ಸ್ನಾನ ಮುಗಿಸಿ, ಬರಿಮೈಗೆ ವಿಭೂತಿ ಬಳಿದುಕೊಂಡ ಹೆಗಡೆಯವರು ಮ್ಯಾಟಿನ ಮೇಲೆ ಕಣ್ಣು ಮುಚ್ಚಿ ಜಪಕ್ಕೆ ಕೂತಿದ್ದರು. ಎದುರಿಗೆ ಬಾಳೆಹಣ್ಣು, ಶೇಂಗಾ, ಮಜ್ಜಿಗೆಯ ತಂಬಿಗೆ. ಅವರು ಕಣ್ಣು ತೆರೆದು ಗೋಡೆಯ ಗಡಿಯಾರ ನೋಡಿ, "ಇನ್ನೂ ಐದು ನಿಮಿಷ ಅದೆ" ಎಂದು ನಿಧಾನಕ್ಕೆ ಹಣ್ಣು ಸುಲಿದರು.

ಮುಂದಿನ ವಾರ ಜಿಮ್ ಸೇರಲು ಬಂದ ಅವರೂರಿನ ಇಬ್ಬರು ಯಂತ್ರಗಳ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಬಚ್ಚಲು ತೋರಿಸಿ ಅಂದರು.