ಕರಿ ದಾರ

ಆ ದಿನ ಮುಂಜಾನೆ ಎಂದಿನಂತೆ ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕಲು ಕೂತಿದ್ದೆ. ಎಂದಿನಂತೆ ಎರಡು ಚುಕ್ಕಿ ಹೆಚ್ಚಾಗಿ ಸಾಲು ಸೊಟ್ಟಗಾಗಿತ್ತು. ಕಾನ್ವೆಂಟಿನಲ್ಲಿ ಓದಿದವಳಿಗೆ ಇಷ್ಟೇ ಬರುವುದು ಎಂದು ಅತ್ತೆ ಹೇಳುತ್ತಿದ್ದುದು ಸುಳ್ಳಲ್ಲ ಬಿಡಿ. ಆಗ ಆ ವಾಸನೆ ಬಂತು. ಹೂದಾನಿಯಲ್ಲಿ ವಾರಗಟ್ಟಲೆ ಕೊಳೆತ ನೀರನ್ನು ನೀವು ಎಂದಾದರೂ ಚೆಲ್ಲಿದ್ದರೆ ಗೊತ್ತಾದೀತು. ಅದಕ್ಕಿಂತ ಸಿಹಿಯಾದ, ಮೂಗಿಗೆ ಅಂಟಿಕೊಳ್ಳುವ ವಾಸನೆ.

ಗೇಟಿನಾಚೆ ಒಂದು ಕಂದು ನಾಯಿ ನಿಂತಿತ್ತು. ಕತ್ತು ವಾಲಿತ್ತು. ಕುತ್ತಿಗೆಯ ಸುತ್ತ ಹುಣ್ಣು. ಅದರ ಅಂಚು ತಾನಾಗಿ ಮಿಸುಕುತ್ತಿತ್ತು. ಹುಳ. ಓಣಿಯ ಉಳಿದ ನಾಯಿಗಳು ದೂರದಲ್ಲೇ ನಿಂತು ನೋಡುತ್ತಿದ್ದವು, ಒಂದೂ ಬೊಗಳಲಿಲ್ಲ. ಇಷ್ಟು ಮನೆಗಳನ್ನು ದಾಟಿ ಅದು ನಮ್ಮ ಗೇಟಿಗೇ ಬಂದಿತ್ತು. ಬಿಸ್ಕೀಟು ಎಸೆದೆ, ಮೂಸಲಿಲ್ಲ. ನನ್ನ ಕೈಗಳನ್ನೇ ನೋಡುತ್ತಿತ್ತು.

ಸೊಲ್ಲಾಪುರ ರಸ್ತೆಯಿಂದ ದನದ ಡಾಕ್ಟರು ಬರುವ ಹೊತ್ತಿಗೆ ವರಾಂಡದಲ್ಲಿ ಹಳೆಯ ಚಾದರ ಹಾಸಿದ್ದೆ. ಕರೆಯುವ ಮೊದಲೇ ಅದು ಬಂದು ಮಲಗಿತು, ಜಾಗ ಗೊತ್ತಿದ್ದಂತೆ.

"ಬಾಯಿ ಕಟ್ಟೂಣೇನ್ರಿ?" ಎಂದೆ.

"ಬ್ಯಾಡ್ರಿ ಅಕ್ಕಾರ. ಕಡಿಯೂ ಶಕ್ತಿ ಎಲ್ಲೈತ್ರಿ ಇದಕ್ಕ? ಇನ್ನೆರಡು ದಿನ ಬಿಟ್ಟಿದ್ರ ಮುಗೀತಿತ್ತು."

ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಟರ್ಪೆಂಟೈನ್ ಅದ್ದಿದ ಹತ್ತಿ ಒತ್ತಿ, ಚಿಮಟದಿಂದ ಒಂದೊಂದೇ ಹುಳ ಹೆಕ್ಕಿದರು. ನಾನು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದ ಇಂಗ್ಲಿಷ್ ಪ್ರಾರ್ಥನೆಯನ್ನು ಅದರ ಕಿವಿಯಲ್ಲಿ ಗೊಣಗುತ್ತಿದ್ದೆ, ಅದಕ್ಕೆ ಕನ್ನಡವಾದರೂ ತಿಳಿಯುವಂತೆ! ಅದು ಕುಂಯ್ ಅನ್ನಲಿಲ್ಲ. ಕಡೆಗೆ ಚಿಮಟಕ್ಕೆ ಏನೋ ಸಿಕ್ಕಿ, ಮಾಂಸದೊಳಗಿಂದ ಎಳೆಯಾಗಿ ಬಂತು. ನೈಲಾನಿನ ಕರಿ ದಾರ. ಅದರ ಮೇಲೆ ಚರ್ಮ ಬೆಳೆದು ಮುಚ್ಚಿಕೊಂಡಿತ್ತು.

"ದೃಷ್ಟಿ ಆಗಬಾರ್ದಂತ ಮರಿ ಇದ್ದಾಗ ಯಾರೋ ಕಟ್ಯಾರ್ರಿ. ಮರಿ ಬೆಳೀತೈತಿ, ದಾರ ಬೆಳೀತೈತೇನ್ರಿ?"

"ಎಂಥಾ ಕಲ್ಲೆದಿ ಮಂದಿರಿ," ಎಂದೆ. ನಾಯಿ ನನ್ನ ಕೈಯಿಂದ ಕಣ್ಣು ಕೀಳಲಿಲ್ಲ.

ಸಂಜೆಗೆ ಸಲಾಯಿನ್ ಮುಗಿದು, ನಾಲ್ಕು ಸಲ ಗಂಜಿ ನೆಕ್ಕಿತು. ಬದುಕುತ್ತದೆ ಎಂದು ಧೈರ್ಯವಾಯಿತು. ಪಕ್ಕದ ಮನೆಯ ಮಹಾದೇವಿ ಕಾಂಪೌಂಡಿನಾಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಕಟ್ಟಿದವರನ್ನು ಬಯ್ಯುತ್ತ, ಕಾಗದದಲ್ಲಿ ಸುತ್ತಿಟ್ಟಿದ್ದ ದಾರವನ್ನು ಬಿಚ್ಚಿ ತೋರಿಸಿದೆ.

ಅವಳು ಒಂದು ಕ್ಷಣ ನೋಡಿ, ಟವೆಲ್ ಮಡಚುತ್ತಲೇ ಅಂದಳು: "ನೀವ ಕಟ್ಟಿದ್ದಲ್ರಿ ವೈನಿ, ಮರತ್ರೇನು? ಹ್ವಾದ ವರ್ಷ ನಿಮ್ಮ ಮೆಟ್ಟಲ ಕೆಳಗ ನಾಯಿ ಮರಿ ಹಾಕಿತ್ತಲ್ಲ, ಕುಂತು ನಾಕಕ್ಕೂ ಕಟ್ಟಿದ್ರಿ. ಆಮ್ಯಾಲ ಒಯ್ಯಾಕ ಬಂದಾಗ ಇದೊಂದು ಕೈಗೆ ಸಿಗಲಾರದ ಓಡ್ತು. ಉಳಿದ ಮೂರು ಮಮದಾಪುರದವ್ರು ಹೊಲ ಕಾಯಾಕ ಒಯ್ದ್ರು. ಏನ ಚಂದ ಕಾಣತಿದ್ವು, ದಾರ ಕಟ್ಕೊಂಡು."