ಪೂಜೆಯಾದ ಹೆಂಚು

ಹಿರೀಸಾವೆಯ ಮಂಜುನಾಥನಿಗೆ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ದೊರೆತದ್ದು ಹಾಸನದಲ್ಲಿ. ಮರ್ಯಾದೆ ಮಾತ್ರ ಎಲ್ಲಿಯೂ ದೊರೆತಿರಲಿಲ್ಲ. "ಬೆಳಗಾಗೆದ್ದು ಬಿಳೀ ಪೈಜಾಮ ಆಕ್ಕೊಂಡು ಗಾಳಿಗೆ ಗುದ್ತೀಯಲ್ಲ, ಗಾಳಿ ನಿಂಗೇನ್ಲಾ ಮಾಡಿತ್ತು?" ಎಂದು ಅವನ ತಾಯಿ ನಂಜಮ್ಮ ಕೇಳುತ್ತಿದ್ದಳು. ಆದರೂ ೧೯೯೮ರಲ್ಲಿ ಅವನು ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯೊಂದರ ಹಿಂದಿನ ಶೆಡ್ಡಿನಲ್ಲಿ ಮಕ್ಕಳಿಗೆ ತರಗತಿ ಆರಂಭಿಸಿದ. ಊರಿನಲ್ಲಿ ಯಾವ ಮಗು ಕರಾಟೆ ಕಲಿಯುತ್ತಿದೆಯೆಂಬುದು ಅದರ ತಲೆಯ ಕೊಬ್ಬರಿ ವಾಸನೆಯಿಂದಲೇ ತಿಳಿಯುತ್ತಿತ್ತು.

ಅಂಥ ಮಕ್ಕಳಲ್ಲಿ ಹತ್ತು ವರ್ಷದ ಗೌತಮಿಯೂ ಒಬ್ಬಳು. ಶಾಲೆಯಲ್ಲಿ ಹಾಜರಿ ಕೂಗಿದಾಗ ಅವಳು ಬೆರಳೆತ್ತುವಳೇ ಹೊರತು ಬಾಯಿ ತೆರೆಯುವವಳಲ್ಲ. ಎದುರಿಗೇ ಕುಳಿತವಳಿಗೆ ಗೈರುಹಾಜರಿ ಬಿದ್ದದ್ದುಂಟು. ಅವಳ ತಂದೆ ಪ್ರದ್ಯುಮ್ನ ಭೌತಶಾಸ್ತ್ರದ ಉಪನ್ಯಾಸಕರು. ಶಾಲಾ ವಾರ್ಷಿಕೋತ್ಸವದಲ್ಲಿ ಮಗಳು ಹೆಂಚು ಒಡೆಯುತ್ತಾಳೆಂದು ಕೇಳಿ ಶೆಡ್ಡಿಗೇ ಬಂದರು.

"ನೋಡಿ ಮಂಜುನಾಥ್, ಎರಡು ತುದಿಗೂ ಆಸರೆ ಕೊಟ್ಟು ನಡುವೆ ಗುದ್ದಿದರೆ ನಮ್ಮ ಮನೆ ಒನಕೆಯೂ ಹೆಂಚು ಒಡೆಯುತ್ತೆ. ಅದರಿಂದ ಒನಕೆಗೆ ಆತ್ಮವಿಶ್ವಾಸ ಬರುತ್ತಾ?"

"ಒನಕೆಗೆ ಇನ್ನೂ ಕಲಿಸಿ ನೋಡಿಲ್ಲ ಸಾ."

ಪ್ರದ್ಯುಮ್ನರು ನಗಲಿಲ್ಲ. "ಅವತ್ತು ನನ್ನ ಮಗಳ ದನಿ ಕೊನೇ ಸಾಲಿನವರಿಗೆ ಕೇಳಿಸಬೇಕು. ಕೇಳಿಸದಿದ್ದರೆ ಕರಾಟೆ ನಿಲ್ಲಿಸಿ ಟ್ಯೂಷನ್‌ಗೆ ಹಾಕ್ತೀನಿ."

ಮಂಜುನಾಥನಿಗೆ ಆ ಷರತ್ತು ಎದೆಗೆ ನಾಟಿತು. ಅಂಜುತ್ತ ಬಂದ ಮಕ್ಕಳು ವರ್ಷದೊಳಗೆ ತಲೆಯೆತ್ತಿ ನಡೆದದ್ದನ್ನು ಅವನು ಕಂಡಿದ್ದ, ನಿಜ. ಆದರೆ ಅದು ಕರಾಟೆಯ ಗುಣವೋ, ಅಷ್ಟರಲ್ಲಿ ಅವರಿಗೆ ತುಂಬಿದ ಒಂದು ವರ್ಷದ ಗುಣವೋ? ಎರಡನ್ನೂ ಬೇರ್ಪಡಿಸಿ ತೂಗುವ ತಕ್ಕಡಿ ಮಂಡಿಯಲ್ಲಿರಲಿಲ್ಲ.

ವಾರ್ಷಿಕೋತ್ಸವದ ಸಂಜೆ, ವೇದಿಕೆಯ ಮೇಲೆ ಎರಡು ಇಟ್ಟಿಗೆಗಳ ನಡುವೆ ಒಂದು ಮಂಗಳೂರು ಹೆಂಚನ್ನು ಇರಿಸಿ ಅವನು ಮೈಕಿನವನೊಡನೆ ಜಗಳವಾಡಲು ಹೋದ. ಹಿಂದಿರುಗುವಷ್ಟರಲ್ಲಿ ಅನಾಹುತ ನಡೆದುಹೋಗಿತ್ತು. ಗೌತಮಿಯ ಅಜ್ಜಿ ಕಮಲಾಕ್ಷಮ್ಮ ಹೆಂಚಿಗೆ ಅರಿಶಿನ ಕುಂಕುಮವಿಟ್ಟು, ಸೇವಂತಿಗೆ ಮುಡಿಸಿ, ಊದುಬತ್ತಿ ಹಚ್ಚಿ, ಮಂಗಳಾರತಿಯನ್ನೂ ಮಾಡಿ ಮುಗಿಸಿದ್ದರು. ಮುಂದಿನ ಸಾಲಿನ ಹೆಂಗಸರು ಕೈಮುಗಿದು ಎದ್ದು ನಿಂತಿದ್ದರು.

"ಮಗು ಮೊದಲ ಸಲ ಕೈ ಇಡ್ತಾ ಇದೆ, ಮೇಷ್ಟ್ರೇ. ವಿಘ್ನ ಬರಬಾರದಲ್ಲ" ಎಂದರು ಕಮಲಾಕ್ಷಮ್ಮ.

ವಿಘ್ನ ಹೂ ಮುಡಿದು ಕುಳಿತಿತ್ತು. ಮೊದಲು ಒಡೆದು ತೋರಿಸಬೇಕಾಗಿದ್ದ ದೊಡ್ಡ ಹುಡುಗ ಮನು ಅಬ್ಬರದಿಂದ ಬಂದವನು ಹೆಂಚನ್ನು ಕಂಡೊಡನೆ ಕೆನ್ನೆ ಕೆನ್ನೆ ಬಡಿದುಕೊಂಡ. "ಮಾಸ್ಟ್ರೇ, ನಾನ್ ಒಡೆಯಾಕಿಲ್ಲ."

"ಅದು ಎಂಚು ಕಣ್ಲಾ!"

"ಆಗ ಎಂಚು. ಈಗ ದ್ಯಾವ್ರು. ಬೇಕಾದ್ರೆ ನೀವೇ ಒಡೀರಿ ಸಾ."

ಮಂಜುನಾಥ ಮುಷ್ಟಿ ಬಿಗಿದು ಮುಂದೆ ಬಂದ. ಕೈ ಮೇಲೆದ್ದಿತು, ಅರ್ಧ ದಾರಿಯಲ್ಲಿ ಇನ್ನೊಂದು ಕೈಯನ್ನು ಸೇರಿಕೊಂಡು ನಮಸ್ಕಾರವಾಯಿತು. ಸಭೆ ಬಿದ್ದು ಬಿದ್ದು ನಕ್ಕಿತು. ಪಕ್ಕದಲ್ಲಿ ಜೋಡಿಸಿಟ್ಟಿದ್ದ ಉಳಿದ ಹೆಂಚುಗಳಿಗೂ ಆಗಲೇ ಅಜ್ಜಿಯ ಕುಂಕುಮ ಬಿದ್ದಿತ್ತು. ಮೂರನೆಯ ಸಾಲಿನಲ್ಲಿ ಪ್ರದ್ಯುಮ್ನರು ಕೈಗಡಿಯಾರ ನೋಡಿಕೊಂಡರು.

ಆಗ ಗೌತಮಿ ಹೆಂಚಿನ ಮುಂದೆ ಬಂದು ನಿಂತಳು. ಅಜ್ಜಿಯನ್ನು ನೋಡಿದಳು, ಮೇಷ್ಟ್ರ ಜೋಡಿಸಿದ ಕೈಗಳನ್ನು ನೋಡಿದಳು, ಉಸಿರನ್ನು ಹೊಟ್ಟೆಗೆ ಇಳಿಸಿಕೊಂಡಳು.

"ಮಾಸ್ಟರ್! ಉತ್ತರ ಯಾವ ಕಡೆ?"

ಗೇಟಿನ ಬಳಿ ಕಡಲೆಕಾಯಿ ಹುರಿಯುತ್ತಿದ್ದವನೂ ತಿರುಗಿ ನೋಡುವಂಥ ದನಿ.

ಮಂಜುನಾಥ ಒಂದು ಕಡೆ ಕೈ ತೋರಿದ. ಮನು ಇನ್ನೊಂದು ಕಡೆ ತೋರಿದ. "ಬಸ್‌ಸ್ಟ್ಯಾಂಡ್ ಇರೋದೇ ಉತ್ತರ ಕಣವ್ವಾ!" ಎಂದು ಒಬ್ಬರು, "ಅದ್ಯಾವ ಸೀಮೆ ಉತ್ತರ!" ಎಂದು ಮತ್ತೊಬ್ಬರು. ಸಭೆಯೆಲ್ಲ ದಿಕ್ಕುಗೆಟ್ಟು ಕೈ ಬೀಸುತ್ತಿರಲು ಪ್ರದ್ಯುಮ್ನರಿಗೆ ತಡೆಯಲಾಗಲಿಲ್ಲ. ಕುರ್ಚಿಯ ಮೇಲೇರಿ ಕೂಗಿದರು: "ಅದು ಈಶಾನ್ಯ, ಸ್ವಾಮಿ! ಸೂರ್ಯ ಮುಳುಗ್ತಿರೋದು ಕಾಣೋಲ್ವೆ? ಉತ್ತರ ಈ ಕಡೆ!"

ಗೌತಮಿ ಅಜ್ಜಿಯ ತಟ್ಟೆಯಿಂದ ಅಕ್ಷತೆ ತೆಗೆದು ಹೆಂಚಿನ ಮೇಲೆ ಹಾಕಿದಳು. ಗೌರಿಹಬ್ಬ ಮುಗಿದ ಮೇಲೆ ಮನೆಯಲ್ಲಿ ವಿಗ್ರಹವನ್ನು ಸರಿಸುವಂತೆಯೇ, ಎರಡೂ ಕೈಗಳಿಂದ ಅದನ್ನು ಒಂದು ಬೆರಳಿನಷ್ಟು ಉತ್ತರಕ್ಕೆ ಸರಿಸಿದಳು.

"ವಿಸರ್ಜನೆ ಆಯ್ತು. ಇನ್ನು ಇದು ಬರೀ ಹೆಂಚು. ಅಲ್ವಾ ಅಜ್ಜಿ?"

ಕಮಲಾಕ್ಷಮ್ಮ ಹೆಂಚು ಸರಿದ ಜಾಗವನ್ನು ಬಗ್ಗಿ ನೋಡಿದರು. "ಶಾಸ್ತ್ರ ಸರಿಯಾಗೇ ಇದೆ. ಒಡಿಯಮ್ಮ."

ಗುದ್ದು ಬಿತ್ತು. ಹೆಂಚು ಎರಡಾಯಿತು, ಸೇವಂತಿಗೆ ಹಾರಿ ಮುಖ್ಯ ಅತಿಥಿಗಳ ಮಡಿಲಿಗೆ ಬಿತ್ತು. ಅವರು ಅದನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡರು. ಹೆಂಗಸರು ಚೂರುಗಳನ್ನು ಆರಿಸಿಕೊಳ್ಳಲು ವೇದಿಕೆಗೆ ನುಗ್ಗಿದರು. ಮಂಜುನಾಥ ನಗಬೇಕೋ ಅಳಬೇಕೋ ತಿಳಿಯದೆ ಮೈಕಿನವನನ್ನೇ ಅಪ್ಪಿಕೊಂಡ.

ನೂಕುನುಗ್ಗಲಿನಲ್ಲಿ ಪ್ರದ್ಯುಮ್ನರು ಹೇಗೋ ಮೇಲೆ ಬಂದು ಮುಟ್ಟಿದರು. "ಹೆಂಚು ಒಡೆದದ್ದರಲ್ಲಿ ಆಶ್ಚರ್ಯವೇನಿಲ್ಲ ಮಂಜುನಾಥ್. ಅದರ ಮಧ್ಯಭಾಗದ ಮೇಲೆ ಬಿದ್ದ ಒತ್ತಡ..."

"ಅಪ್ಪಾ, ಅದು ಆಮೇಲೆ!" ಎಂದಳು ಗೌತಮಿ, ಅದೇ ದನಿಯಲ್ಲಿ. "ನಾಳೆ ಬೆಳಗ್ಗೆ ನಾನು ಕ್ಲಾಸಿಗೆ ಬರ್ತೀನಿ ಅಂತ ಮಾಸ್ಟರ್‌ಗೆ ಹೇಳಿ."

ಪ್ರದ್ಯುಮ್ನರು ಮಾತು ನಿಲ್ಲಿಸಿ ಕೊನೆಯ ಸಾಲಿನತ್ತ ನೋಡಿದರು. ಅಲ್ಲಿದ್ದವರೆಲ್ಲ ಅವರನ್ನೇ ನೋಡುತ್ತಿದ್ದರು, ಒಬ್ಬ ಮುದುಕನಂತೂ ಎದ್ದುನಿಂತು, "ಏಳ್ಬುಡಿ ಸಾ, ಏಳ್ಬುಡಿ! ಮಗು ಕೇಳ್ತಾ ಐತೆ!" ಎಂದು ಕೂಗಿದ.

ಹೇಳಿದರು.